ಸಂತ ಅಂತೋಣಿಗೆ ಶಿಕ್ಷೆ ಕೊಟ್ಟವರು ಯಾರು

ತೆಕೊಮಾಲ್ಕೊ ಎಂಬ ಊರಿನ ಜನರ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಾಡುವ ಮಾತೊಂದಿದೆ: ‘ಕಸ್ತಿಗಾರ್’. ಶಿಕ್ಷೆ ಕೊಡುವುದು ಎಂದರ್ಥ. ಹಾಗೆಂದು ಅದನ್ನು ಕೋರ್ಟು ಕಚೇರಿಯ ಮಾತು ಅಂದುಕೊಳ್ಳಬೇಡಿ. ಮೇಷ್ಟರು ಹುಡುಗರನ್ನು ಮೂಲೆಯಲ್ಲಿ ನಿಲ್ಲಿಸಿದರೆ ಅದು ಕಸ್ತಿಗಾರ್. ಕುಡಿದು ಬಂದ ಗಂಡನ ಜೊತೆ ಹೆಂಡತಿ ಮಾತು ಬಿಟ್ಟರೆ ಅದೂ ಕಸ್ತಿಗಾರ್. ಜೋಳದ ಹೊಲಕ್ಕೆ ಹಿಮ ಬಿದ್ದು ಪೈರು ಸುಟ್ಟು ಹೋದರೆ ದೇವರು ಮಾಡಿದ್ದೂ ಅದನ್ನೇ. ದೇವರು ನಮಗೆ ಕೊಡುವುದಾದರೆ ನಾವು ದೇವರ ಕಡೆಯವರಿಗೆ ಯಾಕೆ ಕೊಡಬಾರದು ಎಂಬ ನ್ಯಾಯವೂ ಆ ಊರಿನಲ್ಲಿ ನಡೆಯುತ್ತದೆ. ಅದರಲ್ಲೂ ಸಂತ ಅಂತೋಣಿಯ ಪಾಡು ಯಾರಿಗೂ ಬೇಡ. ಕಳೆದುಹೋದ ವಸ್ತು ಸಿಗಬೇಕಾದರೆ ಅವನ ಪುಟ್ಟ ಮೂರ್ತಿಯನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸುತ್ತಾರೆ. ಹೆಣ್ಣಿಗೆ ಗಂಡು ಬೇಕಾದರೆ ಶಿಕ್ಷೆ ಇನ್ನೂ ಘೋರ. ತಲೆ ಕೆಳಗೆ ಮಾಡಿ, ತೋಳಿನಲ್ಲಿರುವ ಬಾಲಯೇಸುವನ್ನು ಕಿತ್ತುಕೊಂಡು ಅಡಗಿಸಿಡುತ್ತಾರೆ. ಗಂಡು ಬಾಗಿಲಿಗೆ ಬಂದ ಮೇಲೇ ಮಗು ವಾಪಸ್ಸು.

ಆದ್ದರಿಂದ ಆ ಸೋಮವಾರ ಬೆಳಿಗ್ಗೆ, ಬೇಕರಿಯ ಭಟ್ಟಿಯ ಪಕ್ಕದ ಗೂಡಿನಲ್ಲಿ ಮೇಣದ ಬತ್ತಿ ಬದಲಿಸಲು ಹೋದ ಕ್ರೆಸೆನ್ಸಿಯಾಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಂತ ಅಂತೋಣಿ ಕಾಲು ಮೇಲೆ ಮಾಡಿಕೊಂಡು ಹೂವಿನ ಜಾಡಿಗೆ ಒರಗಿ ನಿಂತಿದ್ದ. ತೋಳು ಖಾಲಿ.

ಆ ಮನೆಯಲ್ಲಿ ಇದ್ದವರು ಇಬ್ಬರೇ. ಒಬ್ಬಳು ತಾನು, ಬೇಕರಿಯ ಒಡತಿ, ಅರವತ್ತಕ್ಕೆ ಹತ್ತಿರವಾದ ವಿಧವೆ. ಇನ್ನೊಬ್ಬಳು ಸೊಸೆ ನೊಯೆಲಿಯಾ. ಮಗ ಅಬುಂದಿಯೊ ಸುಣ್ಣದ ಗಣಿಯಲ್ಲಿ ಮಣ್ಣು ಕುಸಿದು ತೀರಿಕೊಂಡ ಮೇಲೆ ನೊಯೆಲಿಯಾ ಎಲ್ಲಿಗೂ ಹೋಗಿರಲಿಲ್ಲ. ಹೋಗಲು ಅವಳಿಗೆ ತವರೂ ಇರಲಿಲ್ಲ. ಯಾರೋ ದೂರದ ಸಂಬಂಧಿಕರ ಮನೆಯಲ್ಲಿ ಬೆಳೆದ ಹುಡುಗಿ. ಮಗ ಹೋದ, ಮಗುವೂ ಆಗಿರಲಿಲ್ಲ. ಅವಳನ್ನು ಈ ಮನೆಗೆ ಕಟ್ಟಿಹಾಕಲು ಒಂದು ದಾರವೂ ಇರಲಿಲ್ಲ. ಅದು ಕ್ರೆಸೆನ್ಸಿಯಾಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವಳು ಹಿಟ್ಟಿನ ಜೊತೆ ನಾದಿ ನಾದಿ ಮರೆತಿದ್ದಳು.

ಸಂತನನ್ನು ನೆಟ್ಟಗೆ ನಿಲ್ಲಿಸಿ, ಶಾಲಿನ ತುದಿಯಿಂದ ಧೂಳು ಒರೆಸಿ, ಏನೂ ನೋಡದವಳ ಹಾಗೆ ಹೊರಗೆ ಬಂದಳು. ನೊಯೆಲಿಯಾ ಸಕ್ಕರೆ ಹೊದಿಸಿದ ಬನ್ನುಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು.

“ಅತ್ತೆ, ಮೇಣದ ಬತ್ತಿ ಹಚ್ಚಿದ್ರಾ?”

“ಹಚ್ಚಿದೆ.”

“ಸರಿ.”

ಅಷ್ಟೇ. ಆ ‘ಸರಿ’ಯಲ್ಲಿ ಏನಿತ್ತು ಎಂದು ಕ್ರೆಸೆನ್ಸಿಯಾ ಇಡೀ ದಿನ ತಲೆ ಕೆಡಿಸಿಕೊಂಡಳು. ನೇರವಾಗಿ ಕೇಳಬಹುದಿತ್ತಲ್ಲ ಎಂದು ನೀವು ಹೇಳಬಹುದು. ಕೇಳಿದರೆ ಉತ್ತರ ಬರುತ್ತದಲ್ಲ! ಹೌದು, ಹೋಗುತ್ತೇನೆ ಎಂದುಬಿಟ್ಟರೆ? ಅನುಮಾನವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಬಹುದು. ಖಾಲಿ ಮನೆಯಲ್ಲಿ ಬದುಕುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಅಂತೋಣಿ ಮತ್ತೆ ತಲೆ ಕೆಳಗಾಗಿದ್ದ. ಕ್ರೆಸೆನ್ಸಿಯಾ ಮತ್ತೆ ಎತ್ತಿ ನಿಲ್ಲಿಸಿದಳು. ಅದರ ಮರುದಿನವೂ ಅದೇ ಕಥೆ. ಒಬ್ಬಳು ಶಿಕ್ಷೆ ಕೊಡುವುದು, ಇನ್ನೊಬ್ಬಳು ಬಿಡಿಸುವುದು. ಇಬ್ಬರೂ ಒಂದೇ ಮೇಜಿನಲ್ಲಿ ದಾಲ್ಚಿನ್ನಿ ಹಾಕಿದ ಕಾಫಿ ಕುಡಿಯುತ್ತಾರೆ, ಹುಳಿಹಿಟ್ಟು ಸರಿಯಾಗಿ ಉಬ್ಬಿಲ್ಲ ಎಂದು ಮಾತಾಡುತ್ತಾರೆ, ಸಂತನ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಪಾಪ, ಆ ಅಂತೋಣಿಗೆ ತಾನು ತಪ್ಪಿತಸ್ಥನೋ ಅಲ್ಲವೋ ಎಂದೇ ತಿಳಿಯದ ಪರಿಸ್ಥಿತಿ.

“ನೀನು ಅವಳ ಮಾತು ಕೇಳಬೇಡ,” ಎಂದು ಕ್ರೆಸೆನ್ಸಿಯಾ ಗೂಡಿಗೆ ಬಾಯಿಟ್ಟು ಪಿಸುಗುಟ್ಟಿದಳು. “ನಿನಗೆ ಬತ್ತಿ ಹಚ್ಚೋದು ಯಾರು? ನಾನು. ನೆನಪಿರಲಿ.”

ಬೇಡಿದವಳು ಯಾರೆಂದು ತಿಳಿಯಿತು. ಬೇಡಿದ್ದು ಯಾರನ್ನು ಎಂಬುದು ಈಗಿನ ಪ್ರಶ್ನೆ. ಅದಕ್ಕೆ ಉತ್ತರ ಸಂಜೆ ಸಂಜೆ ತಾನಾಗಿಯೇ ಅಂಗಡಿಗೆ ನಡೆದು ಬರುತ್ತಿತ್ತು, ಮೀಸೆಗೆ ಎಣ್ಣೆ ಹಚ್ಚಿಕೊಂಡು. ಆ ಊರಿನಲ್ಲಿ ಮರ್ಯಾದೆಗೆ ಗಂಡಸರನ್ನು ‘ದೋನ್’, ಹೆಂಗಸರನ್ನು ‘ದೋನ್ಯಾ’ ಎನ್ನುತ್ತಾರೆ; ಈ ದೋನ್ ನಿಕಾನೋರ್ ಗಡಿಯಾರ ರಿಪೇರಿ ಮಾಡುವವನು. ಊರಿನ ಬ್ಯಾಂಡಿನಲ್ಲಿ ದೊಡ್ಡ ತುತ್ತೂರಿ ಊದುವವನು. ಹೆಂಡತಿ ತೀರಿಕೊಂಡಿದ್ದಳು. ಒಂದು ಬನ್ನು ಆರಿಸಲು ಅವನಿಗೆ ಬೇಕಾಗುತ್ತಿದ್ದ ಹೊತ್ತಿನಲ್ಲಿ ಒಂದು ಮದುವೆ ಮುಗಿಯುತ್ತಿತ್ತು. ಇಕ್ಕಳದಲ್ಲಿ ಇದನ್ನು ಎತ್ತುವುದು, ಅದನ್ನು ಇಡುವುದು, ಒಳಗಡೆಗೆ ಕತ್ತು ಉದ್ದ ಮಾಡುವುದು. ನೊಯೆಲಿಯಾ ಗಲ್ಲಾದ ಹಿಂದೆ ನಿಂತು ಅವನ ಜೊತೆ ನಗುನಗುತ್ತಾ ಏನೋ ಹೇಳುವುದು.

ಕ್ರೆಸೆನ್ಸಿಯಾ ಪರದೆಯ ಹಿಂದೆ ಕಿವಿಯಿಟ್ಟು ನಿಂತಳು. ಭಟ್ಟಿಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸಿದರೆ ಅರ್ಧ ಕೇಳಿಸುವುದಿಲ್ಲ.

“...ಕೈ ಎಷ್ಟು ಚೆನ್ನಾಗಿದೆ ಅಂತೀರಾ,” ಎಂದಳು ನೊಯೆಲಿಯಾ.

“ಅದು ನನಗೆ ತಿಂದಾಗ್ಲೇ ಗೊತ್ತಾಯ್ತು ಬಿಡಮ್ಮ,” ಎಂದ ನಿಕಾನೋರ್.

“ಭಾನುವಾರ ಪೂಜೆ ಮುಗಿದ ಮೇಲೆ ಚೌಕದಲ್ಲಿ ಸಿಗ್ತೀರಲ್ಲಾ?”

ಕೈ ಚೆನ್ನಾಗಿದೆಯಂತೆ! ಚೌಕದಲ್ಲಿ ಸಿಗಬೇಕಂತೆ! ಕ್ರೆಸೆನ್ಸಿಯಾಗೆ ಮೈಯೆಲ್ಲ ಉರಿಯಿತು. ಅವನಿಗಾಗಲೇ ಐವತ್ತೈದು ದಾಟಿದೆ, ಮೊಣಕಾಲು ಮಡಚಲು ಬರುವುದಿಲ್ಲ, ಮಗಳ ವಯಸ್ಸಿನವಳ ಜೊತೆ ಚೆಲ್ಲಾಟ. ಪರದೆ ಸರಿಸಿ ಹೊರಗೆ ಬಂದಳು, ಭಟ್ಟಿಯ ಮೂಲೆಯಲ್ಲಿ ಸೀದು ಕರಕಲಾದ ಬನ್ನುಗಳನ್ನೇ ಆರಿಸಿ ಪೊಟ್ಟಣ ಕಟ್ಟಿ ಅವನ ಕೈಗೆ ತುರುಕಿದಳು.

“ಇದು... ಸ್ವಲ್ಪ ಕಪ್ಪಾಗಿದೆಯಲ್ಲ ದೋನ್ಯಾ ಕ್ರೆಸೆನ್ಸಿಯಾ?”

“ನಿಮ್ಮ ವಯಸ್ಸಿಗೆ ಚೆನ್ನಾಗಿ ಬೆಂದಿದ್ದೇ ಒಳ್ಳೇದು. ಜೀರ್ಣ ಆಗುತ್ತೆ. ಹೊರಡಿ.”

ಆತ ಟೋಪಿ ತೆಗೆದು ವಂದಿಸಿ ಹೋದ. ನೊಯೆಲಿಯಾ ಅತ್ತೆಯನ್ನು ಒಂದು ಥರ ನೋಡಿದಳು. ಆ ನೋಟ ಕ್ರೆಸೆನ್ಸಿಯಾಗೆ ಇನ್ನೊಂದು ಸಾಕ್ಷಿಯಾಯಿತು.

ಅದೇ ವಾರ ಪಕ್ಕದ ಮನೆಯ ಫಿದೆನ್ಸಿಯಾ ಬಂದಳು. ಅಬುಂದಿಯೊನ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ‘ಕೊಮಾದ್ರೆ’ ಎಂದೇ ಕರೆಯುವುದು. ಬಂದವಳ ಕಣ್ಣು ಮೊದಲು ಹೋದದ್ದು ಗೂಡಿನ ಕಡೆಗೆ. ಆವತ್ತು ಸಂತನನ್ನು ಎತ್ತಿ ನಿಲ್ಲಿಸುವುದನ್ನು ಕ್ರೆಸೆನ್ಸಿಯಾ ಮರೆತಿದ್ದಳು.

“ಅಯ್ಯೋ ಕೊಮಾದ್ರೆ! ಅಂತೋಣಿಗೆ ಶಿಕ್ಷೆ ಆಗಿದೆ! ಏನು, ನೀವೇನಾದ್ರೂ...?”

“ಬಾಯಿ ಮುಚ್ಚು ಕೊಮಾದ್ರೆ. ನನಗ್ಯಾಕೆ ಗಂಡ? ಇದ್ದ ಒಬ್ಬನ ಗೊರಕೆ ಇನ್ನೂ ಕಿವೀಲಿದೆ.”

“ಹಂಗಾದ್ರೆ ನೊಯೆಲಿಯಾನೇ. ಮಗೂನ ಎಲ್ಲಿಟ್ಟಿದ್ದಾಳೆ ನೋಡಿದ್ರಾ? ಯಾರಿಗೆ ಗಂಡು ಬೇಕೋ ಅವರ ದಿಂಬಿನೊಳಗೇ ಇಡ್ಬೇಕು. ಇಲ್ದಿದ್ರೆ ಅಂತೋಣಿಗೆ ವಿಳಾಸ ತಿಳಿಯಲ್ಲ. ನಾನು ಮೂರು ಸಲ ಇಟ್ಟಿದ್ದೆ, ಮೂರು ಸಲಾನೂ ಬಂತು.”

“ಮೂರು ಸಲಾನೂ ಬಂತು, ಮೂರೂ ಓಡಿ ಹೋದ್ವು.”

“ಬಂದಿದ್ದು ಸಂತನ ಕೆಲಸ ಕಣ್ರೀ. ಓಡಿದ್ದು ಅವರ ಹಣೆಬರಹ,” ಎಂದು ಫಿದೆನ್ಸಿಯಾ ನಕ್ಕು, ಎರಡು ಬಿಸಿ ಬನ್ನು ಶಾಲಿಗೆ ಹಾಕಿಕೊಂಡು ಹೋದಳು.

ಭಾನುವಾರ ನೊಯೆಲಿಯಾ ಚರ್ಚಿಗೆ ಹೊರಟಾಗ ಕ್ರೆಸೆನ್ಸಿಯಾ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿದಳು. ಬಾಗಿಲು ಹಾಕಿಕೊಂಡು ಸೊಸೆಯ ಕೋಣೆಗೆ ನುಗ್ಗಿದಳು. ದಿಂಬು ಬಿಚ್ಚಿದಳು. ಬಾಲಯೇಸು ಇರಲಿಲ್ಲ. ಹಾಸಿಗೆ ಎತ್ತಿ ನೋಡಿದಳು. ಪೆಟ್ಟಿಗೆಯ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿದಳು, ಮೂಸಿ ಕೂಡ ನೋಡಿದಳು. ನಾಚಿಕೆಯಾಗುತ್ತಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ತಳದಲ್ಲಿ ಕಾಗದ ಸುತ್ತಿದ ಒಂದು ಜೊತೆ ಚಪ್ಪಲಿ ಸಿಕ್ಕಿತು. ಹಿಮ್ಮಡಿ ಎತ್ತರದ್ದು, ಕೆಂಪು ಬಣ್ಣದ್ದು, ಇನ್ನೂ ಮಣ್ಣು ಮುಟ್ಟದ್ದು. ಬೇಕರಿಯಲ್ಲಿ ಹಿಟ್ಟು ನಾದುವವಳಿಗೆ ಇದು ಯಾತಕ್ಕೆ? ಚಪ್ಪಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಅವಳು ಸೊಸೆಯ ಮಂಚದ ಮೇಲೆ ಕುಸಿದು ಕೂತಳು. ಇದನ್ನು ಹಾಕಿಕೊಂಡು ಆ ಹುಡುಗಿ ಒಂದು ದಿನ ಈ ಹೊಸ್ತಿಲು ದಾಟುತ್ತಾಳೆ. ಆಮೇಲೆ ಬೆಳಿಗ್ಗೆ ‘ಅತ್ತೆ, ಕಾಫಿ’ ಎನ್ನುವವರು ಯಾರೂ ಇರುವುದಿಲ್ಲ. ಅತ್ತಳು. ಅತ್ತು ಮುಗಿಸಿ, ಎಲ್ಲವನ್ನೂ ಇದ್ದ ಹಾಗೇ ಮಡಚಿಟ್ಟಳು.

ಆದರೆ ಮಗು ದಿಂಬಿನಲ್ಲಿ ಇಲ್ಲ ಎನ್ನುವುದು ಅವಳನ್ನು ಇನ್ನೊಂದು ದಾರಿಗೆ ಎಳೆಯಿತು. ನೊಯೆಲಿಯಾ ಅಲ್ಲದಿದ್ದರೆ? ಹಿತ್ತಲ ಬಾಗಿಲಿನ ಬೀಗದ ಕೈ ಫಿದೆನ್ಸಿಯಾಳ ಹತ್ತಿರವೂ ಒಂದಿದೆ. ಮೂರು ಗಂಡಂದಿರು ಸಾಲದೆಂದು ನಾಲ್ಕನೆಯವನಿಗಾಗಿ ಕಂಡವರ ಮನೆಯ ಸಂತನನ್ನು ಹಿಂಸೆ ಮಾಡುತ್ತಿದ್ದಾಳೋ? ಒಂದು ದಿನ ಹಿತ್ತಲ ಬಾಗಿಲಿಗೆ ಹಿಟ್ಟು ಉದುರಿಸಿಟ್ಟಳು, ಹೆಜ್ಜೆ ಬೀಳಲಿ ಎಂದು. ಬೆಳಿಗ್ಗೆ ನೋಡಿದರೆ ಬೆಕ್ಕಿನ ಹೆಜ್ಜೆ. ಅಂತೋಣಿ ಮಾತ್ರ ಯಥಾಪ್ರಕಾರ ತಲೆ ಕೆಳಗೆ. ಹಾಗಾದರೆ ನೊಯೆಲಿಯಾನೇ, ಮಗುವನ್ನು ಬೇರೆಲ್ಲೋ ಇಟ್ಟಿದ್ದಾಳೆ, ಎಂದು ಮೊದಲಿನ ಜಾಗಕ್ಕೇ ಬಂದು ನಿಂತಳು.

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆಗ ಅವಳಿಗೆ ಅದು ಭಾರಿ ಜಾಣತನವಾಗಿ ಕಂಡಿತ್ತು. ಗುರುವಾರ ಗುರುವಾರ ಗಿರಣಿಯಿಂದ ಹಿಟ್ಟಿನ ವ್ಯಾನು ಬರುತ್ತಿತ್ತು. ಅದರ ಡ್ರೈವರ್ ಎಲಿಸೆಯೊ ತನ್ನ ಪಾಡಿಗೆ ಮೂಟೆ ಹೊತ್ತು ಹಾಕುವ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ, ನೆಲ ನೋಡಿ ನಡೆಯುವ ಮನುಷ್ಯ. ಇಡೀ ಗಂಡು ಕುಲದಲ್ಲಿ ಕ್ರೆಸೆನ್ಸಿಯಾ ನಂಬಿದ್ದು ಅವನೊಬ್ಬನನ್ನೇ. ಹೊರಡುವಾಗ ಅವನಿಗೆ ಯಾವಾಗಲೂ ಒಂದು ಪೊಟ್ಟಣ ಬನ್ನು ಕೊಡುತ್ತಿದ್ದಳು.

“ಎಲಿಸೆಯೊ, ಇಲ್ಲಿ ಬಾರಪ್ಪ. ಒಂದು ಗುಟ್ಟಿನ ಮಾತು. ನಮ್ಮ ನೊಯೆಲಿಯಾಗೆ ಯಾವನೋ ಗಂಟು ಬಿದ್ದಿದ್ದಾನೆ.”

ಎಲಿಸೆಯೊನ ಮುಖದಲ್ಲಿ ಬೆವರು ಕಿತ್ತುಕೊಂಡು ಬಂತು. ಮೂಟೆ ಭಾರವಿರಬೇಕು ಎಂದುಕೊಂಡಳು.

“ಯಾ... ಯಾವನು ದೋನ್ಯಾ?”

“ಆ ತುತ್ತೂರಿ ನಿಕಾನೋರ್. ನೀನು ಊರೆಲ್ಲ ತಿರುಗೋನು. ಅವಳು ಸಂತೆಗೆ ಹೋದಾಗ ಸ್ವಲ್ಪ ಕಣ್ಣಿಟ್ಟಿರು. ಯಾರ ಜೊತೆ ನಿಲ್ತಾಳೆ, ಯಾರ ಜೊತೆ ನಗ್ತಾಳೆ, ನನಗೆ ಬಂದು ಹೇಳು. ನಿನ್ನನ್ನ ಬಿಟ್ರೆ ನಾನು ಯಾರನ್ನೂ ನಂಬಲ್ಲ.”

“ಕಣ್ಣಿಡ್ತೀನಿ ದೋನ್ಯಾ,” ಎಂದ ಎಲಿಸೆಯೊ, ನೆಲ ನೋಡುತ್ತಾ. ಆವತ್ತು ಬನ್ನಿನ ಪೊಟ್ಟಣವನ್ನು ಬೇಡ ಬೇಡ ಎಂದ. ಎಷ್ಟು ಒಳ್ಳೆಯ ಹುಡುಗ ಎಂದುಕೊಂಡು ಅವಳು ಒತ್ತಾಯ ಮಾಡಿ ಎರಡು ಪೊಟ್ಟಣ ಕೊಟ್ಟಳು.

ಮುಂದಿನ ಗುರುವಾರ ಬಿಸಿಲು ಚೆನ್ನಾಗಿತ್ತು. ಬಟ್ಟೆ ಒಗೆಯುವ ದಿನ. ನೊಯೆಲಿಯಾ ಅಂಗಳದ ತೊಟ್ಟಿಯ ಹತ್ತಿರ ಸೋಪು ಹಚ್ಚುತ್ತಿದ್ದಳು. ಕ್ರೆಸೆನ್ಸಿಯಾ ತನ್ನ ಹಾಸಿಗೆಯ ಬಟ್ಟೆ ತೆಗೆಯುತ್ತಾ, ಕೆಲವು ದಿನಗಳಿಂದ ಕುತ್ತಿಗೆ ಹಿಡಿದುಕೊಂಡಿದೆಯಲ್ಲ, ದಿಂಬಿನ ಹತ್ತಿಯನ್ನೂ ಸ್ವಲ್ಪ ಬಿಡಿಸಿ ಒಣಗಿಸೋಣ ಎಂದು ಹೊಲಿಗೆ ಬಿಚ್ಚಿದಳು. ಹತ್ತಿಯ ನಡುವೆ ಗಟ್ಟಿಯಾದದ್ದು ಕೈಗೆ ತಗಲಿತು. ಎಳೆದಳು. ಹೆಬ್ಬೆರಳು ಗಾತ್ರದ ಬಾಲಯೇಸು, ಮೂಗಿನ ತುದಿಗೆ ಹತ್ತಿ ಅಂಟಿಸಿಕೊಂಡು, ಅವಳ ಅಂಗೈಯಲ್ಲಿ ಮಲಗಿ ನಗುತ್ತಿದ್ದ.

ಅವಳು ಮೊದಲು ದಿಂಬನ್ನು ನೋಡಿದಳು. ತನ್ನದೇ. ಆಮೇಲೆ ಮಗುವನ್ನು ನೋಡಿದಳು. ಎರಡನ್ನೂ ಹಿಡಿದುಕೊಂಡು ಅಂಗಳಕ್ಕೆ ಬಂದಳು.

“ಇದು ನನ್ನ ದಿಂಬಿನೊಳಗೆ ಹೆಂಗೆ ಬಂತು?”

ನೊಯೆಲಿಯಾಳ ಸೋಪಿನ ಕೈ ನಿಂತಿತು. “ನಾನೇ ಇಟ್ಟೆ ಅತ್ತೆ.”

“ಕಣ್ಣು ಕಾಣಲ್ವಾ ನಿನಗೆ? ನಿನ್ನ ದಿಂಬು ಯಾವುದು, ನನ್ನದು ಯಾವುದು ಗೊತ್ತಾಗಲ್ವಾ?”

“ಗೊತ್ತಾಗುತ್ತೆ.”

“ಮತ್ತೆ?”

“ನಿಮಗೇ ಕೇಳಿದ್ದು.”

ಕ್ರೆಸೆನ್ಸಿಯಾ ತೊಟ್ಟಿಯ ಕಟ್ಟೆ ಹಿಡಿದುಕೊಂಡಳು. “ನನಗೆ? ಗಂಡ? ಈ ವಯಸ್ಸಿಗೆ? ಈ ಸೊಂಟಕ್ಕೆ?”

ನೊಯೆಲಿಯಾ ನಗಲಿಲ್ಲ. ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಬಹಳ ದಿನದಿಂದ ಬಾಯಿಪಾಠ ಮಾಡಿಟ್ಟುಕೊಂಡವಳ ಹಾಗೆ ಹೇಳಿದಳು.

“ನನ್ನನ್ನ ಒಬ್ರು ಕೇಳಿದ್ದಾರೆ ಅತ್ತೆ. ಸತ್ತವರ ಹಬ್ಬ ಆದ್ಮೇಲೆ ಕೇಳಿದ್ರು. ಆಗಲ್ಲ ಅಂದೆ. ಅತ್ತೆ ಒಬ್ರೇ ಆಗಿಬಿಡ್ತಾರೆ ಅಂದೆ. ಕಾಯ್ತೀನಿ ಅಂದ್ರು. ನಿಮಗೂ ಒಬ್ರು ಜೊತೆ ಸಿಕ್ಕಿಬಿಟ್ರೆ ಅಂತ... ಅಂತೋಣಿಗೆ ಶಿಕ್ಷೆ ಕೊಟ್ಟೆ. ಅವನೂ ಒಬ್ರನ್ನ ಕಳಿಸಿದ. ದಿನಾ ಸಂಜೆ ಬಂದು ನೀವು ಪರದೆಯಿಂದ ಈಚೆಗೆ ಬರ್ತೀರೇನೋ ಅಂತ ಕಾಯ್ತಿದ್ರು. ನಿಮ್ಮ ಕೈರುಚಿ ನಾನು ಹೊಗಳಿದ್ದೇ ಹೊಗಳಿದ್ದು. ಭಾನುವಾರ ಚೌಕದಲ್ಲಿ ನಿಮ್ಮಿಬ್ಬರನ್ನ ಮಾತಾಡ್ಸೋಣ ಅಂತಿದ್ದೆ. ನೀವು ಅವರಿಗೆ ಸೀದ ಬನ್ನು ಕೊಟ್ಟು ಓಡಿಸಿದ್ರಿ.”

“ಆ ತುತ್ತೂರಿ? ನನಗೆ?”

“ಹೂಂ.”

ಕ್ರೆಸೆನ್ಸಿಯಾಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಕೋಪ.

“ಅಂದ್ರೆ ನಾನು ಹೊರೆ. ನಿನ್ನ ತಲೆ ಮೇಲಿಂದ ಇಳಿಸಿ ಇನ್ನೊಬ್ಬನ ತಲೆಗೆ ಹೊರಿಸಿ, ಕೈ ತೊಳ್ಕೊಂಡು ಹೋಗೋಣ ಅಂತ.”

“ಹೊರೆ ಆಗಿದ್ರೆ ಯಾವತ್ತೋ ಇಳಿಸಿ ಹೋಗ್ತಿದ್ದೆ ಅತ್ತೆ.”

ಕ್ರೆಸೆನ್ಸಿಯಾ ಬಾಲಯೇಸುವಿನ ಮೂಗಿಗೆ ಅಂಟಿದ್ದ ಹತ್ತಿಯನ್ನು ಬಿಡಿಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಅಂತೋಣಿ ಕೊಡದೇ ಹೋಗಿದ್ರೆ?”

“ಕೊಡೋವರೆಗೂ ಹಂಗೇ ನಿಂತಿರ್ತಿದ್ದ.”

“ಹತ್ತು ವರ್ಷ ಕೊಡದೇ ಹೋಗಿದ್ರೆ?”

“ಹತ್ತು ವರ್ಷ ನಾನೂ ಇಲ್ಲೇ ಹಿಟ್ಟು ನಾದ್ತಿದ್ದೆ.”

ಇವಳ ಪೆಟ್ಟಿಗೆಯನ್ನು ತಾನು ಕಳ್ಳಿಯ ಹಾಗೆ ಜಾಲಾಡಿದ್ದು, ಬಟ್ಟೆ ಮೂಸಿದ್ದು, ಬಾಗಿಲಿಗೆ ಹಿಟ್ಟು ಸುರಿದದ್ದು ಎಲ್ಲ ಒಮ್ಮೆಗೇ ನೆನಪಾಗಿ ಕ್ರೆಸೆನ್ಸಿಯಾಗೆ ತಲೆ ಎತ್ತಲಾಗಲಿಲ್ಲ. ಇವಳು ಹೋಗಿಬಿಡುತ್ತಾಳೆಂದು ತಾನು ಹಗಲೂ ರಾತ್ರಿ ಕಾವಲು ಕಾದಿದ್ದಳು. ಇವಳೋ ತನ್ನನ್ನು ತಾನೇ ಕಟ್ಟಿಹಾಕಿಕೊಂಡು, ಬಿಡುಗಡೆಯ ಬೀಗದ ಕೈಯನ್ನು ಅತ್ತೆಯ ದಿಂಬಿನಲ್ಲಿ ಹೊಲಿದಿಟ್ಟಿದ್ದಳು. ತಪ್ಪು ಮಾಡದ ಸಂತನೊಬ್ಬ, ತಪ್ಪು ಮಾಡದ ಹುಡುಗಿಯೊಬ್ಬಳು, ಇಬ್ಬರಿಗೂ ಶಿಕ್ಷೆ ಆದದ್ದು ತನ್ನಿಂದ ಎಂದು ಅವಳಿಗೆ ಸಂಕಟವಾಯಿತು.

“ಯಾರು ಆ ಮನುಷ್ಯ?” ಎಂದಳು ಕೊನೆಗೆ.

ನೊಯೆಲಿಯಾ ಬಾಯಿ ತೆರೆಯುವಷ್ಟರಲ್ಲಿ ಬೀದಿಯಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಆ ಹಾರ್ನನ್ನು ಕ್ರೆಸೆನ್ಸಿಯಾ ಎಷ್ಟೋ ಗುರುವಾರ ಕೇಳಿದ್ದಳು. ಆದರೆ ಅದು ಕೇಳಿಸಿದಾಗ ಸೊಸೆಯ ಮುಖ ನೋಡಿದ್ದು ಇದೇ ಮೊದಲು. ಕಿವಿಯವರೆಗೂ ಕೆಂಪಾಗಿತ್ತು.

“ಅಯ್ಯೋ ನನ್ನ ದೇವರೇ,” ಎಂದಳು ಕ್ರೆಸೆನ್ಸಿಯಾ. “ಅವನಿಗೇ ಕಾವಲು ಕಾಯೋಕೆ ಹೇಳಿದ್ನಲ್ಲೇ ನಾನು!”

“ಗೊತ್ತು. ಪಾಪ, ಊಟ ಬಿಟ್ಟಿದ್ದಾರೆ.”

ಕ್ರೆಸೆನ್ಸಿಯಾ ಬಾಲಯೇಸುವನ್ನು ಸೊಸೆಯ ಒದ್ದೆ ಕೈಗೆ ಕೊಟ್ಟು ಮುಂಬಾಗಿಲಿಗೆ ನಡೆದಳು. ಎಲಿಸೆಯೊ ಹೆಗಲಿಗೆ ಮೂಟೆ ಏರಿಸಿಕೊಂಡು ಆಗಲೇ ಹೊಸ್ತಿಲಿಗೆ ಬಂದಿದ್ದ.

“ದೋನ್ಯಾ, ನೀವು ಹೇಳಿದ ಹಾಗೆ ಸಂತೆಯಲ್ಲಿ ನೋಡಿದೆ. ಆ ನಿಕಾನೋರ್ ಅಂತೂ ಅವರ ಹತ್ತಿರಕ್ಕೂ...”

“ಮೂಟೆ ಇಳಿಸಬೇಡ. ಹಂಗೇ ನಿಂತ್ಕೋ.”

ಅವನು ನಿಂತ. ಮೂಟೆಯ ಮೂಲೆಯಿಂದ ಹಿಟ್ಟು ಅವನ ಹುಬ್ಬಿನ ಮೇಲೆ ಉದುರುತ್ತಿತ್ತು.

“ನಮ್ಮ ಮನೆ ಹುಡುಗೀನ ಕೇಳಿದ್ದೀಯಂತೆ.”

ಎಲಿಸೆಯೊ ಮೂಟೆಯನ್ನು ಹೆಗಲ ಮೇಲೆ ಇನ್ನಷ್ಟು ಮೇಲಕ್ಕೆ ಎಳೆದುಕೊಂಡ.

“ಕುಡೀತೀಯಾ?”

“ಹಬ್ಬಕ್ಕೆ ಸ್ವಲ್ಪ ದೋನ್ಯಾ.”

“ಯಾವ ಹಬ್ಬಕ್ಕೆ? ನಮ್ಮೂರಲ್ಲಿ ವಾರಕ್ಕೊಂದು ಹಬ್ಬ.”

“ಕ್ರಿಸ್‌ಮಸ್ಸಿಗೆ.”

“ಕೈ ಎತ್ತೋ ಅಭ್ಯಾಸ?”

“ಇಲ್ಲ! ಯೇಸುವಾಣೆಗೂ ಇಲ್ಲ.”

“ನಿಮ್ಮಮ್ಮನಿಗೆ ಗೊತ್ತಾ ಇದು?”

“ಗೊತ್ತು.”

“ನಿಮ್ಮಮ್ಮನಿಗೂ ಗೊತ್ತು, ಅಂತೋಣಿಗೂ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ.” ಅವಳು ಸೊಂಟಕ್ಕೆ ಕೈಯಿಟ್ಟಳು. “ನಿಮ್ಮ ಕಡೆ ಇದೇ ಪದ್ಧತಿನಾ? ದಾರಿಯಲ್ಲಿ ನಿಲ್ಲಿಸಿ ಹುಡುಗಿ ಹತ್ತಿರಾನೇ ಕೇಳಿಬಿಡೋದಾ? ಹಿರಿಯರನ್ನ ಕೇಳೋದು ಬೇಡ್ವಾ?”

“ಕೇಳಬೇಕಿತ್ತು ದೋನ್ಯಾ,” ಎಂದ ಎಲಿಸೆಯೊ, ಮೂಟೆಯ ಕೆಳಗೆ ತಡವರಿಸುತ್ತಾ. “ಆದರೆ ಅವರಿಗೆ ತಾಯಿ ತಂದೆ ಯಾರೂ ಇಲ್ಲ ಅಂತ...”

“ಯಾವನು ಹೇಳಿದ್ದು ನಿನಗೆ ಅವಳಿಗೆ ತಾಯಿ ಇಲ್ಲ ಅಂತ?”

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡುವಷ್ಟು ಜೋರಾಗಿತ್ತು ಅದು. ಹಿಂದೆ ಅಂಗಳದ ಬಾಗಿಲಲ್ಲಿ ನೊಯೆಲಿಯಾ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು.

“ಭಾನುವಾರ ನಿಮ್ಮಮ್ಮನ್ನ ಕರ್ಕೊಂಡು ಬಾ. ಪದ್ಧತಿ ಪ್ರಕಾರ ಬುಟ್ಟಿ ತುಂಬ ಬ್ರೆಡ್ಡು, ಚಾಕೊಲೇಟು ಹೊತ್ತುಕೊಂಡು ಬಂದು ಬಾಗಿಲು ತಟ್ಟು. ನನ್ನ ಮಗಳನ್ನ ನನ್ನ ಹತ್ತಿರ ಕೇಳು. ಬ್ರೆಡ್ಡು ಬೇರೆ ಬೇಕರಿಯಿಂದ ತಂದರೆ ಬಾಗಿಲು ತೆಗೆಯಲ್ಲ, ಈಗಲೇ ಹೇಳಿದ್ದೀನಿ.”

“ಆಗಲಿ ದೋನ್ಯಾ.”

“ಈಗ ಇಳಿಸು ಆ ಮೂಟೆ.”

ಅವನು ಇಳಿಸಿದ. ಹಿಂದಿನಿಂದ ನೊಯೆಲಿಯಾ ಕರೆದಳು. ‘ಅತ್ತೆ’ ಎಂದಲ್ಲ, ಆ ಮನೆಯಲ್ಲಿ ಅಬುಂದಿಯೊ ಹೋದ ಮೇಲೆ ಯಾರೂ ಕರೆಯದ ಹೆಸರಿನಿಂದ ಕರೆದಳು. “ಅಮ್ಮಾ.”

ಕ್ರೆಸೆನ್ಸಿಯಾ ತಿರುಗಿ ನೋಡಲಿಲ್ಲ. ಬೀದಿಯನ್ನೇ ನೋಡುತ್ತಾ, ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಳು. ಈಗ ಮಗಳ ಮುಖ ನೋಡಿದರೆ ಎಲ್ಲಿ ಇವಳನ್ನು ಯಾರಿಗೂ ಕೊಡುವುದಿಲ್ಲ ಎಂದುಬಿಡುತ್ತೇನೋ ಎಂಬ ಭಯ ಅವಳಿಗಿತ್ತು.